ಅಷ್ಟಭೋಗ ತೇಜಸ್ವಾಮ್ಯ: ಮೂವತ್ತು-ನಲವತ್ತರ ಸೈಟಿನ ಶಾಸನಾಧ್ಯಯನ

ಯಲಹಂಕ ಹೋಬಳಿಯ ಈ ಶಾಸನ ಛಾಪಾ ಕಾಗದದ ಮೇಲಿದೆ. ಗಾತ್ರ ಹನ್ನೊಂದು ಪುಟ. ಭಾಷೆ ಕನ್ನಡ, ಲಿಪಿ ನುಡಿ. ಕಾಲ ವಿಮಾನ ನಿಲ್ದಾಣೋತ್ತರ, ಎಂದರೆ 2008ರ ಈಚಿನದು. ದೊರೆತ ಸ್ಥಳ ಪ್ರಸ್ತುತ ಸಂಶೋಧಕನ ಬೀರು. ಜನಸಾಮಾನ್ಯರು ಇದನ್ನು ಕ್ರಯಪತ್ರವೆನ್ನುತ್ತಾರೆ. ಇದು ದಾನಶಾಸನವೆಂಬುದು ನನ್ನ ವಾದ. ದಾನಿ ನಾನೇ.

ಈ ಸೀಮೆಗೆ ಶಾಸನಗಳು ಹೊಸವಲ್ಲ. ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ವೀರಗಲ್ಲು ಈ ನೆಲಕ್ಕಾಗಿ ಹೋರಾಡಿ ಸತ್ತ ಕಿತ್ತಯ್ಯನದು. ಇಂದೂ ಇಲ್ಲಿ ನೆಲಕ್ಕಾಗಿ ಹೋರಾಟ ನಿಂತಿಲ್ಲ. ಆದರೆ ಈಗ ಕಲ್ಲು ನೆಡುವವನು ಸರ್ವೇಯರ್, ರಾತ್ರಿ ಅದನ್ನು ಕಿತ್ತಿಡುವವರು ಪಕ್ಕದ ಸೈಟಿನವರು. ಕಿತ್ತಯ್ಯ ಎಂಬ ಹೆಸರಿನ ನಿಷ್ಪತ್ತಿಯ ಬಗ್ಗೆ ನನಗೊಂದು ಊಹೆಯಿದೆ. ಪಕ್ಕದವರೂ ಪತ್ರಿಕೆ ಓದುವುದರಿಂದ ಇಲ್ಲಿ ಹೇಳುವುದಿಲ್ಲ.

ಶಾಸನದ ಹೃದಯ ಎಂಟನೇ ಪುಟದಲ್ಲಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯವನ್ನು ಅಲ್ಲಿ ನನಗೆ ವಹಿಸಿಕೊಡಲಾಗಿದೆ. ವಿಜಯನಗರದ ಕಾಲದ ದಾನಗಳಲ್ಲಿ ಬರುವ ಈ ಮಾತನ್ನು ಪತ್ರಬರಹಗಾರರು ಇವತ್ತಿಗೂ ಬಿಡದೆ ಹಾಕುತ್ತಾರೆ. ಅರ್ಥ ಕೇಳಿದ್ದಕ್ಕೆ, "ಹಾಕ್ಬೇಕು ಸಾರ್, ಇಲ್ದಿದ್ರೆ ಪತ್ರ ಬಲವಾಗಲ್ಲ" ಎಂಬ ಭಾಷ್ಯ ದೊರೆಯಿತು. ಈ ಎಂಟನ್ನೂ 1,200 ಚದರ ಅಡಿಯೊಳಗೆ ಹುಡುಕಿದ ವಿದ್ವಾಂಸ ನಾನೊಬ್ಬನೇ ಇರಬೇಕು.

ನಿಧಿ: ಹೂತದ್ದು. ನನ್ನ ಭವಿಷ್ಯನಿಧಿ ಅಲ್ಲೇ ಹೂತಿದೆ. ನಿಕ್ಷೇಪ: ಇಟ್ಟದ್ದು. ನನ್ನಾಕೆಯ ನಾಲ್ಕು ಬಳೆ. ಜಲ: ಅಂಗೈಮೇಲೆ ತೆಂಗಿನಕಾಯಿ ಹಿಡಿದು ಬಂದವರು "ಸಾವಿರದಿನ್ನೂರು ಅಡಿಗೆ ಸಿಗಬಹುದು" ಎಂದರು, ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ. ಪಾಷಾಣ: ಕಾಂಪೌಂಡಿಗೆ ತೋಡಿದಾಗ ಸಿಕ್ಕಿತು, ಅಖಂಡ ಬಂಡೆ. ಈ ಒಂದು ಭೋಗದಲ್ಲಿ ಶಾಸನ ಸುಳ್ಳು ಹೇಳಿಲ್ಲ. ಅಕ್ಷೀಣಿ, ಅಂದರೆ ಕ್ಷಯಿಸದ್ದು: ಪರ್ಸನಲ್ ಲೋನಿನ ಅಸಲು. ಆಗಾಮಿ: ಏರ್‌ಪೋರ್ಟ್ ಮೆಟ್ರೋ, ಬ್ರೋಕರ್ ಪ್ರಕಾರ ಸೈಟಿನಿಂದ ಐದು ನಿಮಿಷ. ಸಿದ್ಧ: ವರ್ಷ ತಪ್ಪದ ಕಂದಾಯ. ಉಳಿದದ್ದು ಸಾಧ್ಯ. ಅದು ಎ ಖಾತೆ.

ಇಲ್ಲಿ ವರ್ಣಸಮಸ್ಯೆ ಎದುರಾಗುತ್ತದೆ. ಪಹಣಿಯಲ್ಲಿ ಎ ಖರಾಬು, ಬಿ ಖರಾಬು. ಪಾಲಿಕೆಯಲ್ಲಿ ಎ ಖಾತೆ, ಬಿ ಖಾತೆ. ಐವತ್ತು ಅಕ್ಷರ ಕಲಿತವನ ಬದುಕನ್ನು ಇಂಗ್ಲಿಷಿನ ಮೊದಲೆರಡು ಅಕ್ಷರಗಳು ತೀರ್ಮಾನಿಸುತ್ತವೆ. ಶಾಸ್ತ್ರೋಕ್ತ ಕ್ರಮವೇನೋ ಸ್ಪಷ್ಟವಿತ್ತು: 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಡಿಸಿ ಕನ್ವರ್ಷನ್, ಆಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಂತೆ ಬಡಾವಣೆ ನಕ್ಷೆಗೆ ಒಪ್ಪಿಗೆ. 1964 ಮೊದಲು, 1961 ನಂತರ. ಈ ಕಾಲಗಣನೆ ಜಟಿಲವೆನಿಸಿದ್ದರಿಂದಲೋ ಏನೋ, ನಮ್ಮ ಬಡಾವಣೆ ಮಾಡಿದವರು ಎರಡನ್ನೂ ಬಿಟ್ಟರು.

ಬಿಟ್ಟದ್ದಕ್ಕೆ ಗಣಿತದ ಕಾರಣವೂ ಇದೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ, ಒಟ್ಟು 43,560. ಒಪ್ಪಿಗೆ ಪಡೆದರೆ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಕ್ಕೆಂದು ಬಿಟ್ಟು ಮಾರಲು ಉಳಿಯುವುದು ನೂರಕ್ಕೆ 55 ಎಂಬುದು ಬ್ರೋಕರುಗಳ ಬಾಯಿಲೆಕ್ಕ. ಅಂದರೆ 23,958. ಮೂವತ್ತು-ನಲವತ್ತರ ಇಪ್ಪತ್ತು ಸೈಟಿಗೆ 42 ಚದರ ಅಡಿ ಕಮ್ಮಿ, ಒಂದು ಬಚ್ಚಲುಮನೆಯಷ್ಟು. ಬಿಟ್ಟ ಜಾಗವನ್ನು ಪ್ರಾಧಿಕಾರಕ್ಕೆ ಬರೆದುಕೊಡುವ ಪತ್ರಕ್ಕೆ ಪರಿತ್ಯಾಜನಾ ಪತ್ರವೆಂಬ ಹೆಸರು. ವೈರಾಗ್ಯ ಶತಕಕ್ಕೆ ಸೇರಬೇಕಾದ ಪದ. ರೆವಿನ್ಯೂ ಬಡಾವಣೆಯಲ್ಲಿ ವೈರಾಗ್ಯವಿಲ್ಲ. ನೂರಕ್ಕೆ 80 ಸೈಟಾದರೆ ಎಕರೆಗೆ 29. ಪಾರ್ಕಿನಲ್ಲಿ ಮುದುಕರು ಕೂರಬೇಕಾಗಿದ್ದ ಜಾಗದಲ್ಲಿ ಒಂಬತ್ತು ಸಂಸಾರ.

ಖರ್ಚಿನ ಪ್ರಕರಣ ಚಿಕ್ಕದು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು 2. ಬಿಯನ್ನು ಎ ಮಾಡಿಸಿಕೊಳ್ಳುವ ಅದೇ ವರ್ಷದ ಯೋಜನೆಗೆ ಮಾರ್ಗಸೂಚಿ ಬೆಲೆಯ ಶೇ 5. ಉಳಿದ ಖರ್ಚುಗಳಿಗೆ ಲಿಖಿತ ಆಧಾರಗಳಿಲ್ಲ. ಅವು ಮೌಖಿಕ ಪರಂಪರೆಗೆ ಸೇರಿದವು.

ರಾಜವಂಶಗಳ ವಿಷಯ: ಯಲಹಂಕ ನಗರಸಭೆಯು 2007ರಲ್ಲಿ ಬಿಬಿಎಂಪಿಗೆ ಸೋತಿತು; 2025ರಲ್ಲಿ ಬಿಬಿಎಂಪಿ ಐದು ಹೋಳಾಗಿ ಬೆಂಗಳೂರು ಉತ್ತರ ನಗರ ಪಾಲಿಕೆ ಪಟ್ಟಕ್ಕೆ ಬಂತು. ಬಿ ಖಾತೆ ಮಾತ್ರ ಯಾವ ಅರಸನ ಕಾಲದಲ್ಲೂ ಬಿ ಖಾತೆಯೇ. ನಡುವೆ ಅಕ್ರಮ-ಸಕ್ರಮವೆಂಬ ಆಶಾಕಿರಣ ಮೂಡಿ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಕಂಡಿತು. ತಡೆ ಬಂದದ್ದು ಸಕ್ರಮಕ್ಕೆ. ಅಕ್ರಮ ನಡೆದೇ ಇತ್ತು.

ಕ್ರಮಬದ್ಧವಾಗಿಯೇ ಮಾಡಬಹುದಿತ್ತಲ್ಲ ಎಂಬುದು ಪೂರ್ವಪಕ್ಷ. ಯಲಹಂಕದ ಸುತ್ತಿನ 17 ಹಳ್ಳಿಗಳಲ್ಲಿ ಬಿಡಿಎ ಹೊರಟ ಶಿವರಾಮ ಕಾರಂತ ಬಡಾವಣೆಯನ್ನು ನೋಡಿ: ಪ್ರಾಥಮಿಕ ಅಧಿಸೂಚನೆ 2008, ಅಂತಿಮ ಅಧಿಸೂಚನೆ 2018. ಹತ್ತು ವರ್ಷ ಕೊಟ್ಟಿದ್ದರೆ ಕಾರಂತರು ಕಪಾಟು ತುಂಬ ಬರೆದು ಹಾಕುತ್ತಿದ್ದರು. ಇದೇ ಯಲಹಂಕದ ನಾಡಪ್ರಭು ಕೆಂಪೇಗೌಡ, ಐತಿಹ್ಯದಂತೆ, 1537ರಲ್ಲಿ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಪೇಟೆ ಕಟ್ಟಿಸಿದ. ಅವನಿಗೆ ಬೇಕಾದದ್ದು ವಿಜಯನಗರದ ಅಚ್ಯುತರಾಯನೊಬ್ಬನ ಒಪ್ಪಿಗೆ. 17ನೇ ಕಲಮು ಬರಲು ಇನ್ನೂ 424 ವರ್ಷವಿತ್ತು.

ಕೊನೆಯದು ಶಾಪಾಶಯ. ಹಳೆಯ ಶಾಸನದಲ್ಲಿ ದಾನಕ್ಕೆ ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪ. ನಮ್ಮದರಲ್ಲಿ, ಮುಂದೆ ತಂಟೆ ತಕರಾರು ಬಂದರೆ ಮಾರಿದವನೇ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತಾನೆ. ಅವನ ಫೋನು ಸ್ವಿಚ್ ಆಫ್. ತಕರಾರು ಚಕ್ಕುಬಂದಿಯಿಂದಲೇ ಬಂದಿತ್ತು. "ಉತ್ತರಕ್ಕೆ: ಖಾಸಗಿ ಸ್ವತ್ತು" ಎಂದಿರುವುದು ಪಾಠಾಂತರ, ಹಳೆಯ ಗ್ರಾಮನಕ್ಷೆಯಲ್ಲಿ ಅಲ್ಲಿರುವುದು ರಾಜಕಾಲುವೆ. ಮೂರನೇ ದರ್ಜೆಯ ಕಾಲುವೆಗೂ 2015ರ ಮಹಾಯೋಜನೆಯ ಪ್ರಕಾರ ನಡುವಿನಿಂದ 15 ಮೀಟರ್ ಬಿಡಬೇಕು. ಅಡಿಯಲ್ಲಿ 49. ನನ್ನ ಸೈಟಿನ ಉದ್ದ 40.

ಶಾಸನವನ್ನು ಕಣ್ಣಾರೆ ನೋಡಬಯಸುವ ವಿದ್ವಾಂಸರು ಭಾನುವಾರ ಮನೆಗೆ ಬರಬಹುದು. ಯಾವ ಬ್ಯಾಂಕೂ ಅಡವಿಗೆ ಒಪ್ಪದ ಕಾರಣ ಮೂಲಪ್ರತಿ ಇನ್ನೂ ನನ್ನ ಬಳಿಯೇ ಇದೆ.