ಐಡಿಯಾ ಅಂಕಲ್

ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ಕ್ರಾಸಿಗೊಂದು ಟ್ರಾನ್ಸ್‌ಫಾರ್ಮರು, ಹೊಂಗೆ ಮರದ ಕೆಳಗೊಂದು ಇಸ್ತ್ರಿ ಗಾಡಿ, ಒಬ್ಬರು ಐಡಿಯಾ ಅಂಕಲ್ ಇದ್ದೇ ಇರುತ್ತಾರೆ. ಟ್ರಾನ್ಸ್‌ಫಾರ್ಮರಿಗೆ ಯಾರಾದರೂ ಅರ್ಜಿ ಹಾಕಿರುತ್ತಾರೆ. ಅಂಕಲ್ ಅರ್ಜಿ ಇಲ್ಲದೆಯೇ ಮಂಜೂರಾದವರು.

ನಮ್ಮ ಕ್ರಾಸಿನ ಅಂಕಲ್ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಕ್ಯಾಂಟೀನಿನ ಬಾಗಿಲ ಬಳಿ ಸಲಹಾ ಪೆಟ್ಟಿಗೆ ಅಂತ ಒಂದಿತ್ತಂತೆ. ವಾರಕ್ಕೊಂದು ಚೀಟಿ ಹಾಕುತ್ತಿದ್ದರು. ಒಂದು ಸಲಹೆಗೆ ಬಹುಮಾನವಾಗಿ ಬಂದ ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್ ಇವತ್ತಿಗೂ ಶೋಕೇಸಿನಲ್ಲಿದೆ. ಅದರೊಳಗೆ ಒಂದು ಅಗಳು ಅನ್ನವೂ ಬಿದ್ದಿಲ್ಲ. ನಿವೃತ್ತಿಯ ದಿನ ಕಾರ್ಖಾನೆಯವರು ಗುರುತಿನ ಚೀಟಿ ವಾಪಸು ತೆಗೆದುಕೊಂಡರೇ ಹೊರತು ಉಳಿದ ಸಲಹೆಗಳನ್ನು ತೆಗೆದುಕೊಳ್ಳಲಿಲ್ಲ. ಈಗ ಸಲಹಾ ಪೆಟ್ಟಿಗೆ ನಾವೇ.

ಗುರುತು ಹಿಡಿಯುವುದು ಸುಲಭ. ವಾಕಿಂಗಿಗೆ ಬಂದರೂ ಜೇಬಿನಲ್ಲಿ ಪೆನ್ನು, ಒಂದು ಪುಟ್ಟ ಡೈರಿ, ಅಳತೆ ಟೇಪು. ಪಾರ್ಕಿನಲ್ಲಿ ನಮ್ಮ ಪಕ್ಕದಲ್ಲಿ ನಡೆಯುವುದಿಲ್ಲ, ಎರಡು ಹೆಜ್ಜೆ ಮುಂದೆ ಹಿಮ್ಮುಖವಾಗಿ ನಡೆಯುತ್ತಾರೆ; ಕೇಳುವವನ ಮುಖ ಕಾಣಬೇಕಲ್ಲ. ಮಾತು ಶುರುವಾಗುವುದೇ "ನೀವೇ ಲೆಕ್ಕ ಹಾಕಿ" ಎಂದು. ನಾವು ಹಾಕುವುದರೊಳಗೆ ಅವರೇ ಹಾಕಿ ಮುಗಿಸಿರುತ್ತಾರೆ. ಒಂದು ದರ್ಶಿನಿಯಲ್ಲಿ ದಿನಕ್ಕೆ ಇಷ್ಟು ಕಾಫಿ, ಇಷ್ಟು ಕಾಫಿಗೆ ಇಷ್ಟು ಕಿಲೋ ಚರಟ, ಬೆಂಗಳೂರಿನಲ್ಲಿ ಇಷ್ಟು ದರ್ಶಿನಿ. ಅತ್ತಿಗುಪ್ಪೆ ಮೆಟ್ರೊ ಮುಟ್ಟುವಷ್ಟರಲ್ಲಿ ಲೆಕ್ಕ ಲಕ್ಷ ದಾಟಿರುತ್ತದೆ, ವಾಪಸು ಬರುವಾಗ ಕೋಟಿ. ಬೈಟು ಕಾಫಿಯ ಬಿಲ್ಲು ಮಾತ್ರ ಕೇಳಿದವನದು.

ಆ ಚರಟದ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾಫಿ ಚರಟಕ್ಕೆ ಸಗಣಿ ಬೆರೆಸಿ ತಟ್ಟಿದರೆ ಇದ್ದಿಲಿಗೆ ಬದಲಾಗುವ ಬೆರಣಿ, ಪರಿಸರಕ್ಕೂ ಒಳ್ಳೆಯದು, ಜೇಬಿಗೂ ಒಳ್ಳೆಯದು ಎಂಬುದು ಐಡಿಯಾ. ಕೇಳಲು ಚೆನ್ನಾಗಿಯೇ ಇದೆ. ತಟ್ಟಿ ಒಣಗಿಸಲು ಅವರ ಟೆರೇಸಿನಲ್ಲಿ ಜಾಗವಿಲ್ಲ, ಸೋಲಾರ್ ಹೀಟರ್ ಇದೆ. ಆದ್ದರಿಂದ ನಮ್ಮ ಟೆರೇಸು. ಇದು ಈ ಜಾತಿಯವರ ಮುಖ್ಯ ಲಕ್ಷಣ: ಐಡಿಯಾ ಅವರ ಮನೆಯಲ್ಲಿ, ಟೆಸ್ಟಿಂಗ್ ನಮ್ಮ ಮನೆಯಲ್ಲಿ. ಮೂರು ದಿನ ಮೋಡ ಕವಿದು ಬೆರಣಿಯ ಮೇಲೆ ಬಿಳಿ ಬೂಷ್ಟು ಹಿಡಿಯಿತು. ಅಂಕಲ್ ಬಗ್ಗಿ ನೋಡಿ, ಅಣಬೆ ಕೃಷಿಗೂ ಸ್ಕೋಪ್ ಇದೆ ಎಂದು ಡೈರಿಯಲ್ಲಿ ಬರೆದುಕೊಂಡರು.

ಅಂತೂ ಒಣಗಿದ ಒಂದು ಚೀಲವನ್ನು ಇಸ್ತ್ರಿ ಗಾಡಿಯವನಿಗೆ ಕೊಟ್ಟದ್ದಾಯಿತು. ಪಾಪ, ಅವನು ಇಲ್ಲ ಅನ್ನುವವನಲ್ಲ. ಪೆಟ್ಟಿಗೆಗೆ ತುಂಬಿದ, ಬೀಸಣಿಗೆಯಿಂದ ಬೀಸಿದ, ಕೆಮ್ಮಿದ, ಮತ್ತೆ ಬೀಸಿದ. ಮೂರನೆಯ ಬಟ್ಟೆ ನನ್ನ ಬಿಳಿ ಷರ್ಟು. ಪೆಟ್ಟಿಗೆಯ ಕಿಂಡಿಯಿಂದ ಹಾರಿದ ಬೂದಿ ಎಡಗಡೆ ಕಾಲರಿನ ಮೇಲೆ ಕೂತಿತು. ಕಾಫಿ ವಾಸನೆಯ ಆ ಷರ್ಟು ಹಾಕಿಕೊಂಡು ಆಫೀಸಿಗೆ ಹೋದರೆ, ತಿಂಡಿ ಎಲ್ಲಿ ಮಾಡಿ ಬಂದ್ರಿ ಎಂದು ಎಲ್ಲರೂ ಕೇಳಿದರು.

ಸಂಜೆ ಅಂಕಲ್ ಡೈರಿ ಹಿಡಿದು ಗಾಡಿಯ ಮುಂದೆ ನಿಂತರು. "ಹೇಗಿತ್ತಪ್ಪಾ ರಿಸಲ್ಟು?"

"ಸಾರ್, ಇದ್ದಿಲು ಒಂದ್ಸಲ ತುಂಬಿದ್ರೆ ಇಪ್ಪತ್ತು ಬಟ್ಟೆ ನಡೀತದೆ. ಇದು ಮೂರಕ್ಕೇ ತಣ್ಣಗಾಯ್ತು. ಮಳೆಗಾಲದಲ್ಲಿ ಎಲ್ಲಿ ಒಣಗಿಸ್ತೀರ? ಚೀಲಕ್ಕೆ ಎಷ್ಟು ಅಂತೀರ? ದಿನಾ ತಂದು ಹಾಕೋರು ಯಾರು?"

ಐದು ನಿಮಿಷದಲ್ಲಿ ಅವನು ಕೇಳಿದ್ದನ್ನು ದೊಡ್ಡ ದೊಡ್ಡ ಬಂಡವಾಳದವರೂ ಇಷ್ಟು ನೇರವಾಗಿ ಕೇಳಲಾರರು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಸೋಲಾರ್ ಕಂಪನಿ ಶುರು ಮಾಡಿದವರಲ್ಲೊಬ್ಬರಾದ ಹರೀಶ್ ಹಂದೆ ಒಂದು ಪ್ರಸಂಗ ಹೇಳುತ್ತಿರುತ್ತಾರೆ. ದೀಪಕ್ಕೆ ತಿಂಗಳಿಗೆ 300 ರೂಪಾಯಿ ಎಂದರೆ ಭಾರ, ದಿನಕ್ಕೆ 10 ಎಂದರೆ ಆಗಬಹುದು ಅಂದಳಂತೆ ಬೀದಿ ವ್ಯಾಪಾರದ ಹೆಂಗಸೊಬ್ಬಳು. ಲೆಕ್ಕ ಎರಡೂ ಒಂದೇ, ಆದರೆ ಗಲ್ಲಾಪೆಟ್ಟಿಗೆ ದಿನಕ್ಕೊಂದು ಸಲ ತೆರೆಯುವವರಿಗೆ ಒಂದೇ ಅಲ್ಲ. ಅಂಥ ಮಾತು ಕಿವಿಗೆ ಬಿದ್ದದ್ದರಿಂದಲೇ ಬಡವರ ಮನೆಗೆ ಸೋಲಾರ್ ದೀಪ ತಲುಪಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ನಮ್ಮ ಅಂಕಲ್ ಕೂಡ ಇಸ್ತ್ರಿಯವನ ಮಾತನ್ನು ತಲೆಯಾಡಿಸಿಕೊಂಡು ಕೇಳಿದರು. ಆಮೇಲೆ ಡೈರಿಯಲ್ಲಿ ಬರೆದದ್ದು ಇಷ್ಟೇ: "ಮೂರು ಬಟ್ಟೆ. ಯಶಸ್ವಿ."

ಈ ಯಶಸ್ಸನ್ನು ಹೊತ್ತು ಅವರು ‘ಎಲಿವೇಟ್’ಗೆ ಅರ್ಜಿ ಹಾಕಲು ಹೊರಟರು. ರಾಜ್ಯ ಸರ್ಕಾರ 2017ರಿಂದ ನಡೆಸುತ್ತಿರುವ ಈ ಸ್ಪರ್ಧೆಯಲ್ಲಿ ಗೆದ್ದ ಸ್ಟಾರ್ಟಪ್ಪಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಆದರೆ ಅದಕ್ಕೆ ಕಂಪನಿ ನೋಂದಣಿ ಆಗಿರಬೇಕು, ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಇಬ್ಬರು ಡೈರೆಕ್ಟರಾದರೂ ಬೇಕು. "ಸಹಿ ಹಾಕು, ನಿನ್ನನ್ನ ಡೈರೆಕ್ಟರ್ ಮಾಡ್ತೀನಿ" ಎಂದು ಆಂಟಿಯನ್ನು ಕೇಳಿದರು. "ರೀ, ಹೋದ ಸಲದ ಎಳನೀರು ಬುರುಡೆಗೂ ನಾನೇ ಡೈರೆಕ್ಟರ್ರು. ಅದರೊಳಗಿನ ಸೊಳ್ಳೆ ಮರಿ ನೋಡೋಕೆ ಬಂದವರ ಹತ್ರ ಬೈಸಿಕೊಂಡವಳೂ ನಾನೇ" ಎಂದು ಆಂಟಿ ಹುಳಿಗೆ ಒಗ್ಗರಣೆ ಹಾಕಿದರು. ಅರ್ಜಿ ಅಲ್ಲಿಗೇ ನಿಂತಿತು.

ಇಷ್ಟಾದರೂ ಅವರಿಗೆ ಬುದ್ಧಿ ಕಮ್ಮಿ ಎಂದು ನಾನು ಹೇಳಲಾರೆ. ಸಮಸ್ಯೆ ಬೇರೆಯೇ ಇದೆ. ಆಗಲೇ ಕೆಲಸ ಮಾಡುತ್ತಿರುವ ಐಡಿಯಾ ಕಂಡರೆ ಅವರಿಗೆ ಆಗುವುದಿಲ್ಲ. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಮಣ್ಣಿನ ಮಡಕೆಗಳನ್ನು 2006ರಲ್ಲಿ ಇದೇ ಬೆಂಗಳೂರಿನಲ್ಲಿ ‘ಡೈಲಿ ಡಂಪ್’ ಶುರುಮಾಡಿದ ಪೂನಂ ಬೀರ್ ಕಸ್ತೂರಿ ಮಾರುಕಟ್ಟೆಗೆ ತಂದರು. ಒಂದರ ಮೇಲೊಂದು ಮೂರು ಮಡಕೆ, ಅಷ್ಟೆ. ನಮ್ಮ ಮನೆಯಲ್ಲಿ ಅದನ್ನು ಕಂಡು ಅಂಕಲ್, "ಇದು ನನಗೂ ಹೊಳೆದಿತ್ತು" ಎಂದರು. ಹಾಗಾದರೆ ಒಂದು ತಗೊಳ್ಳಿ ಎಂದರೆ, "ಹೊಳೆದದ್ದನ್ನೇ ದುಡ್ಡು ಕೊಟ್ಟು ತರೋದಾ?"

ಪಕ್ಕದ ವಿಜಯನಗರದ ‘ಸೌರಭ’ ಮನೆಯ ಹೆಸರೆತ್ತಿದರಂತೂ ಮುಖ ಸಪ್ಪಗಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1990ರ ದಶಕದಲ್ಲಿ ಕಟ್ಟಿಸಿದ ಮನೆ ಅದು. ಕಾವೇರಿ ನಲ್ಲಿ ಹಾಕಿಸದೆ, ಚಾವಣಿಗೆ ಬಿದ್ದ ಮಳೆ ನೀರಿನಲ್ಲೇ ಸಂಸಾರ ನಡೆಸಿ ತೋರಿಸಿದರು. ಮೊದಲು ಮನೆಯವರು ಆ ನೀರು ಕುಡಿದರು, ಭಾಷಣ ಆಮೇಲೆ. ಬೆಂಗಳೂರಿನ ಮಳೆಗೆ 30×40 ಸೈಟಿನ ಮೇಲೆ ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಲಕ್ಷ ಲೀಟರ್ ಬೀಳುತ್ತದೆ. 2009ರಲ್ಲಿ ಮಳೆ ನೀರು ಹಿಡಿಯಬೇಕೆಂಬ ಕಾನೂನೂ ಬಂತು. ದಂಡಕ್ಕೆ ಹೆದರಿ ಅಂಕಲ್ ಮನೆಗೂ ಒಂದು ನೀಲಿ ಡ್ರಮ್ಮು ಬಂತು. ಚಾವಣಿಯ ಪೈಪು ಅದರ ಬಾಯಿಗೆ ಒಂದು ಗೇಣು ದೂರದಲ್ಲೇ ನಿಂತಿದೆ. ಜೋಡಿಸಲು ಎಲ್ಬೋ ಒಂದು ಬೇಕು. ಎಲ್ಬೋ ಹಾಕುವುದರಲ್ಲಿ ಐಡಿಯಾ ಏನಿದೆ?

ಅವರ ಬಾಳಿನ ಸುವರ್ಣಯುಗ 2024ರ ಮಾರ್ಚ್. ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರಿನವರು ಫೋನೇ ಎತ್ತದೆ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದ ದಿನಗಳು. ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯವಾಯಿತು. ಅಂಕಲ್ ಕೈಚೀಲದ ತುಂಬ ಏರಿಯೇಟರ್ ತುಂಬಿಕೊಂಡು ಮನೆ ಮನೆ ಹತ್ತಿದರು. ನಲ್ಲಿಯ ಕೆಳಗೆ ಚೊಂಬು, ಕೈಯಲ್ಲಿ ಎಚ್‌ಎಂಟಿ ವಾಚು, ಹಾಕುವ ಮುಂಚೆ ಇಷ್ಟು ಸೆಕೆಂಡು, ಹಾಕಿದ ಮೇಲೆ ಇಷ್ಟು. ಮೊದಲ ಸಲ ಡೈರಿಯಲ್ಲಿ ಬರೆದದ್ದೂ ಚೊಂಬಿನಲ್ಲಿದ್ದದ್ದೂ ತಾಳೆಯಾದವು. ನಮ್ಮ ಅಡುಗೆಮನೆಯ ನಲ್ಲಿಯಲ್ಲಿ ನೀರು ಅರ್ಧಕ್ಕರ್ಧ ಉಳಿಯಿತು, ಪಾತ್ರೆಯೂ ಶುಚಿಯಾಯಿತು. ಇಡೀ ಕ್ರಾಸು ಅವರನ್ನು ಹೊಗಳಿತು. ಅವರು ಆ ದಿನದಿಂದಲೇ ಮಂಕಾದರು.

ಈಚೆಗೆ ಆ ಏರಿಯೇಟರಿಗೆ ಬೋರ್ ನೀರಿನ ಸುಣ್ಣ ಕಟ್ಟಿ ನಲ್ಲಿ ತೊಟ್ಟಿಕ್ಕತೊಡಗಿತು. ಅಂಕಲ್ ಗೇಟಿನ ಬಳಿ ಏನನ್ನೋ ಅಳೆಯುತ್ತಿದ್ದರು. ಸ್ವಲ್ಪ ಬಂದು ಬಿಚ್ಚಿ ಕೊಡಿ ಎಂದು ಕೇಳಿದೆ.

"ಅದು ಮೇಂಟೆನೆನ್ಸ್ ಕಣ್ರೀ" ಎಂದರು, ಟೇಪಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಡುತ್ತಾ. "ನಾನು ಆರ್ ಅಂಡ್ ಡಿ."