ಮಣೆಯ ಮೇಲೆ ನಾಲ್ಕನೇ ಗೇರು

ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಸ್ಪರ್ಧೆಗೆಂದು ಗೋ-ಕಾರ್ಟ್ ಕಟ್ಟುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಎಂಜಿನ್ ಜೂನಿಯರ್‌ಗಳ ಪಾಲು, ಚಾಸಿ ಹಾಸ್ಟೆಲ್ ಹಿಂದಿನ ಮಳೆಯ ಪಾಲು, ಹುಡುಗರು ಬೆಂಗಳೂರಿನ ಪಾಲು. ಅಂಥದೊಂದು ಅನಾಥ ಚಾಸಿಯನ್ನು ನಾನು ಕೊಂಡೆ. ಬೆಲೆಯನ್ನು ಮನೆಯಲ್ಲಿ ಸೀರೆಯ ಲೆಕ್ಕದಲ್ಲಿ ತಿಳಿಸಿದೆ: ಒಂದು ಮೈಸೂರು ಸಿಲ್ಕಿಗಿಂತ ಕಡಿಮೆ. ಹೋದ ದೀಪಾವಳಿಗೆ ನಾನು ಸೀರೆ ಬೇಡವೆಂದಾಗ ನಮ್ಮವರು ಹಿಗ್ಗಿದ್ದರು. ಈಗ ಸುಮ್ಮನೆ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಟೆಂಪೋದಿಂದ ಇಳಿದದ್ದು ಕೆಲವು ಕೊಳವೆ, ಒಂದು ಸ್ಟೇರಿಂಗ್, ಮುಂದಿನ ಎರಡು ಚಕ್ರ, ಹರಿದ ಸೀಟು. ಅತ್ತೆಯವರು ಕನ್ನಡಕ ಹಾಕಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಬಂದು, "ಮಂಚ ಚೆನ್ನಾಗಿದೆ. ಹಲಗೆ ಯಾವಾಗ ಬರತ್ತೆ?" ಎಂದರು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಟಾರ್ಕ್ ಎಂದರೆ ಬಲ ಗುಣಿಸು ಲಂಬದೂರ ಎಂದು ಅರ್ಧ ಶಿವಮೊಗ್ಗಕ್ಕೆ ಹೇಳಿಕೊಟ್ಟಿದ್ದೇನೆ; ಸ್ಪ್ಯಾನರ್ ಮಾತ್ರ ಹಿಡಿದವಳಲ್ಲ. ಐರ್ಟನ್ ಸೆನ್ನಾನಿಗೆ ನಾಲ್ಕು ವರ್ಷವಾದಾಗ ಅವನ ಅಪ್ಪ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಜೋಡಿಸಿ ಕಾರ್ಟ್ ಮಾಡಿಕೊಟ್ಟರಂತೆ. ನನಗೀಗ ನಲವತ್ತೆಂಟು. ಹನ್ನೆರಡರಿಂದ ಭಾಗಿಸಿದರೆ ನಾವಿಬ್ಬರೂ ಸಮವಯಸ್ಕರು. ಇನ್ನು ಮೊದಲ ಗೋ-ಕಾರ್ಟ್ ಹುಟ್ಟಿದ ಕಥೆಯಾದರೂ ಏನು? 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ರೇಸ್ ಕಾರು ಕಟ್ಟುವ ಕಂಪನಿಯ ನೌಕರ ಆರ್ಟ್ ಇಂಗಲ್ಸ್ ನಾಲ್ಕು ಕೊಳವೆ ಬೆಸೆದು ಹುಲ್ಲಿನ ಯಂತ್ರದ ಎಂಜಿನ್ನನ್ನೇ ಕೂರಿಸಿದ. ಹಗಲೆಲ್ಲ ನಿಜವಾದ ರೇಸ್ ಕಾರು ಮುಟ್ಟುವವನಿಗೇ ಈ ಹುಚ್ಚು ಹಿಡಿಯಿತೆಂದ ಮೇಲೆ, ಹಗಲೆಲ್ಲ ಕಪ್ಪು ಹಲಗೆ ಮುಟ್ಟುವವಳನ್ನು ಯಾರೂ ಅನ್ನುವಂತಿಲ್ಲ.

ನಮ್ಮಲ್ಲಿ ಹುಲ್ಲು ಕತ್ತರಿಸುವುದು ಹಸುಗಳ ಇಲಾಖೆ. ಆದ್ದರಿಂದ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಚಾಸಿ ಬಾಗಿ ಗುಜರಿ ಸೇರಿದ್ದ ಸ್ಪ್ಲೆಂಡರ್ ಒಂದರ ಎಂಜಿನ್ ಹಿಡಿದೆ. 97.2 ಸಿಸಿ, ನಾಲ್ಕು ಗೇರು, ಕಾಗದಪತ್ರ ಸಮೇತ. ಗುಜರಿಯವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ, "ಯಜಮಾನ್ರು ಬರ್ಲಿಲ್ವಾ ಮೇಡಂ?" ಎಂದರು. ಬೇರಿಂಗ್ ಅಂಗಡಿಯಲ್ಲಿ ಮೂವತ್ತು ಮಿಲಿಮೀಟರ್ ಆಕ್ಸಲ್‌ಗೆ ಯುಸಿಪಿ 206 ಎರಡು ಕೊಡಿ ಎಂದೆ. ನಂಬರ್ ಸರಿಯಾಗಿ ಹೇಳಿದ ಹೆಮ್ಮೆಯಲ್ಲಿ ನಿಂತಿದ್ದರೆ, ಅವರು "ಹಿಟ್ಟಿನ ಗಿರಣಿ ಹಾಕ್ತಿದೀರಾ? ಯಜಮಾನ್ರ ಹತ್ರ ಸೈಜು ಇನ್ನೊಂದ್ಸಲ ಕೇಳಿಬಿಡಿ" ಎಂದರು. ಲೇತಿನವರೊಬ್ಬರೇ ಯಜಮಾನರನ್ನು ಕೇಳಲಿಲ್ಲ. ಆಕ್ಸಲ್‌ಗೆ ಕೀ ಕೂರುವ ತೋಡು ಕೊರೆದು, ಸ್ಪ್ರಾಕೆಟ್‌ಗೆ ಹಬ್ ತಿರುಗಿಸಿ, ಎಲ್ಲ ಮುಗಿದ ಮೇಲೆ "ಯಾರಿಗೂ ಹೇಳಲ್ಲ, ನಿಜ ಹೇಳಿ, ಇದು ಏನು?" ಎಂದು ಗುಟ್ಟಿನಲ್ಲಿ ಕೇಳಿದರು.

ವೆಲ್ಡರ್ ಜೊತೆ ಸಿದ್ಧಾಂತದ ಜಗಳವೇ ಆಯಿತು. ಚಾಸಿಯ ಮೂಲೆ ಎತ್ತಿದರೆ ಇಡೀ ಚೌಕಟ್ಟು ಕೊಂಚ ತಿರುಚಿಕೊಳ್ಳುವುದನ್ನು ಕಂಡು ಆತ ನೊಂದುಕೊಂಡ. "ಅಲ್ಲಾಡ್ತಿದೆ ಮೇಡಂ, ನಾಲ್ಕು ಅಡ್ಡಪಟ್ಟಿ ಹೊಡೆದುಬಿಡ್ತೀನಿ." ಬೇಡಪ್ಪ, ಇದು ಅಲ್ಲಾಡಬೇಕು ಎಂದೆ. ಗೋ-ಕಾರ್ಟಿಗೆ ಸ್ಪ್ರಿಂಗಿಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಸರಳಿಗೆ ಬಿಗಿದಿರುವುದರಿಂದ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಒಳಗಿನ ಚಕ್ರ ನೆಲದಿಂದ ಕೂದಲೆಳೆಯಷ್ಟಾದರೂ ಮೇಲೇಳದಿದ್ದರೆ ಗಾಡಿ ತಿರುಗದೆ ನೇರ ಹೋಗುತ್ತದೆ. ಆ ಚಕ್ರವನ್ನು ಎತ್ತುವುದು ಚೌಕಟ್ಟಿನ ಬಳುಕೇ. ಇಷ್ಟನ್ನೂ ವಿವರಿಸಿದೆ. ಆತ ತಾಳ್ಮೆಯಿಂದ ಕೇಳಿ, "ಸರಿ, ಎರಡೇ ಪಟ್ಟಿ ಹೊಡೀತೀನಿ" ಎಂದ.

ಆಮೇಲೆ ಬೀದಿಯ ಸಲಹಾ ಸಮಿತಿ. ಸ್ಪ್ಲೆಂಡರಿನ ಸಿಲಿಂಡರು ಹೆಚ್ಚುಕಮ್ಮಿ ಮಲಗಿಕೊಂಡೇ ಮುಂದಕ್ಕೆ ಚಾಚಿರುತ್ತದೆ. ಸೀಟಿನ ಹಿಂದೆ ಕೂರಿಸಿದರೆ ಅದರ ತಲೆ ನನ್ನ ಬೆನ್ನಿಗೆ ತಾಗುವಷ್ಟು ಹತ್ತಿರ. ಬೆಳಗಿನ ವಾಕಿಂಗ್‌ನ ಹಿರಿಯರೊಬ್ಬರು ಗೇಟಿಗೆ ಒರಗಿ, "ಎಂಜಿನ್ನನ್ನ ಹಿಂದುಮುಂದಾಗಿ ತಿರುಗಿಸಿ ಕೂರಿಸಿ, ಜಾಗ ಆಗತ್ತೆ" ಎಂದರು. ಹಾಗೆ ಮಾಡಿದರೆ ಎಡಕ್ಕಿರುವ ಚೈನು ಬಲಕ್ಕೆ ಬರುತ್ತದೆ, ಚಕ್ರ ಹಿಮ್ಮುಖವಾಗಿ ತಿರುಗುತ್ತದೆ, ನಾಲ್ಕೂ ರಿವರ್ಸ್ ಗೇರಾಗುತ್ತವೆ ಎಂದೆ. ಅವರು ಒಪ್ಪಲಿಲ್ಲ. ಹಾಲಿನವನು ಅವರ ಪಕ್ಷ, ಪಕ್ಕದ ಮನೆಯವರು ತಟಸ್ಥ. ನಮ್ಮವರು, ಇಪ್ಪತ್ತು ವರ್ಷದ ಸಂಸಾರದ ನಂತರವೂ, "ಹಿರಿಯರು ಹೇಳ್ತಿದಾರೆ, ಯೋಚನೆ ಮಾಡು" ಎಂದರು. ಪಾಠ ಹೇಳುವವಳಿಗೆ ನ್ಯೂಟನ್ನನ ಬೆಂಬಲ ಇದ್ದರೂ ಬೀದಿಯಲ್ಲಿ ಬಹುಮತ ಸಿಗುವುದಿಲ್ಲ. ನಾನು ಎಂಜಿನ್ ತಿರುಗಿಸಲಿಲ್ಲ, ಸೈಲೆನ್ಸರನ್ನು ಬಾಗಿಸಿ ಪಕ್ಕಕ್ಕೆ ಒಯ್ದೆ. ಆರು ಮಿಲಿಮೀಟರ್ ಪ್ಲೇಟಿನಲ್ಲಿ ಉದ್ದನೆಯ ತೂತು ಕೊರೆಸಿ ಎಂಜಿನ್ ಹಿಂದೆಮುಂದೆ ಸರಿಯುವಂತೆ ಮಾಡಿ ಚೈನ್ ಬಿಗಿದೆ. ಕಾಲಿನ ಗೇರಿಗೆ ಸರಳು ಜೋಡಿಸಿ ಎಡಗೈಗೆ ತಂದೆ, ಸರಳಿನ ತುದಿಗೇ ಕ್ಲಚ್ ಲಿವರ್ ಕಟ್ಟಿದೆ. ಈ ಎರಡು ಸಾಲಿಗೆ ಒಂದು ಬೇಸಿಗೆ ರಜೆ ಖರ್ಚಾಯಿತು. ಓದುಗರಿಗೆ ಅದು ಬೇಡ.

ಬೇಕಾದ್ದು ಆ ಸಂಜೆಯ ಪ್ರಯಾಣ.

ಚೈನು ನೇರ ಓಡುತ್ತದೆಯೇ ಎಂದು ನೋಡಲು ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಬೇಕಿತ್ತು. ಜ್ಯಾಕ್ ಇರಲಿಲ್ಲ. ಅಟ್ಟದಲ್ಲಿ ಎರಡು ಹಲಸಿನ ಮಣೆಗಳಿದ್ದವು, ನಮ್ಮ ಮದುವೆಯಲ್ಲಿ ನಾವಿಬ್ಬರೂ ಕೂತವು. ಇಟ್ಟಿಗೆಯ ಮೇಲೆ ವಧುವಿನ ಮಣೆ ಎಡಕ್ಕೆ, ವರನ ಮಣೆ ಬಲಕ್ಕೆ ಇಟ್ಟು ಚಾಸಿ ಕೂರಿಸಿದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ನಿಂತಲ್ಲೇ ಓಡುವ ಎಂಜಿನ್ನಿಗೆ ಎದುರುಗಾಳಿ ಸಿಗುವುದಿಲ್ಲ, ಕಾದು ಕೂರುತ್ತದೆ; ಹಾಗಾಗಿ ಅತ್ತೆಯವರ ಟೇಬಲ್ ಫ್ಯಾನನ್ನು ಅದರ ಮುಂದಿಟ್ಟೆ. ಹೆಲ್ಮೆಟ್ ಹಾಕಿ ಸೀಟಿನಲ್ಲಿ ಕೂತೆ. ಹೆಲ್ಮೆಟ್ ಯಾಕೆ ಎಂದು ಕೇಳಬೇಡಿ. ಕೂತ ಮೇಲೆ ಬೇಕೆನಿಸಿತು.

ನಮ್ಮವರು ಕಿಕ್ಕರ್ ಒದ್ದರು. ಮೊದಲ ಗೇರು. ಚಕ್ರ ತಿರುಗಿತು. ಮುಂದಕ್ಕೇ ತಿರುಗಿತು! ಗೇಟಿನಾಚೆಯ ಹಿರಿಯರಿಗೆ ಕಾಣಲೆಂದು ಬೆರಳು ತೋರಿಸಿದೆ. ಅವರು ಆಗಲೇ ಫೋನ್ ನೋಡುತ್ತಿದ್ದರು. ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿದ್ದರಿಂದ ಅತ್ತೆಯವರು ಕುರ್ಚಿ ತಂದು, ಜಪಸರ ಹಿಡಿದು ಸುತ್ತು ಎಣಿಸತೊಡಗಿದರು. ಹನ್ನೊಂದು ಅಂಗುಲ ವ್ಯಾಸದ ಚಕ್ರ ಒಂದು ಸುತ್ತಿಗೆ 88 ಸೆಂಟಿಮೀಟರ್ ಸಾಗುತ್ತದೆ. ನೂರೆಂಟು ಮಣಿ ಮುಗಿದಾಗ ನಾನು 95 ಮೀಟರ್ ಸಾಗಿದ್ದೆ. "ಎಲ್ಲಿಗೆ ಬಂದ್ವೇ?" ಎಂದರು ಅತ್ತೆ. ತಿರುವಿನ ದಿನಸಿ ಅಂಗಡಿ ಎಂದೆ. "ಬೆಲ್ಲ ತರೋದಿತ್ತು" ಎಂದರು.

ನಾಲ್ಕನೇ ಗೇರಿಗೆ ಹಾಕಿದೆ. ಅಂದಾಜು ಗಂಟೆಗೆ ನಲವತ್ತು ಕಿಲೋಮೀಟರ್. ಜಪಸರದ ಕೈ ಮೀರಿತು. ನಮ್ಮವರಿಗೆ ಇದ್ದಕ್ಕಿದ್ದಂತೆ ಕಂಡಕ್ಟರ್ ಆವೇಶ ಬಂದು ಎಂಜಿನ್ ಪಕ್ಕ ನಿಂತು "ರೈಟ್ ರೈಟ್" ಎಂದರು. ಕಾಂಪೌಂಡಿನ ಗೋಡೆಯ ಮೇಲೆ ಬೀದಿಯ ಮಕ್ಕಳು ಹತ್ತಿ ಕೂತರು. "ಎಲ್ಲಿಗೆ ಹೊರಟಿರಿ?" ಎಂದು ಪಕ್ಕದ ಮನೆಯವರು ತಟಸ್ಥ ದನಿಯಲ್ಲೇ ಕೇಳಿದರು. "ತರೀಕೆರೆ" ಎಂದೆ. ಸ್ಟೇರಿಂಗನ್ನು ಸಣ್ಣಗೆ ಅತ್ತಿತ್ತ ಆಡಿಸುತ್ತಿದ್ದೆನೆಂದು ಆಮೇಲೆ ಹೇಳಿದರು; ಎದುರು ಲಾರಿ ಬಂದರೆ ಆಡಿಸದೆ ಏನು ಮಾಡಲಿ? ಗೋಡೆಯ ಮೇಲಿನ ಹುಡುಗನೊಬ್ಬ ಹಸುವಿನಂತೆ ಕೂಗಿದ. ಬ್ರೇಕ್ ಹಾಕಿದೆ. ಕಂಡಕ್ಟರು "ಹೋಲ್ಡಾನ್" ಎಂದು ಫ್ಯಾನ್ ಆರಿಸಿದರು. ಹಸು ದಾಟಿತು. ಫ್ಯಾನ್ ತಿರುಗಿತು, ನಾನು ಮತ್ತೆ ಒಂದು, ಎರಡು, ಮೂರು, ನಾಲ್ಕು. ಚಾಲನೆಯಲ್ಲಿರುವಾಗಲೇ ಕಾಫಿ ಬಂತು. ಹೆಲ್ಮೆಟ್ಟಿನ ಗಾಜು ಎತ್ತಿ ಕುಡಿದೆ.

ಅರ್ಧ ಗಂಟೆ ಕಳೆದಿರಬೇಕು. ಸೈಲೆನ್ಸರಿಗೆ ಬಳಿದಿದ್ದ ಹೊಸ ಬಣ್ಣ ಸುಟ್ಟು ಘಾಟು ಎದ್ದಿತು. ಅತ್ತೆಯವರು ಸೆರಗಿನಲ್ಲಿ ಮೂಗು ಮುಚ್ಚಿ, "ಪೇಪರ್ ಮಿಲ್ ವಾಸನೆ! ಭದ್ರಾವತಿ ಬಂತು ಕಣೆ" ಎಂದರು. ಮಿಲ್ಲು ನಿಂತು ವರ್ಷಗಳಾದವು, ಆದರೂ ಲೆಕ್ಕ ಹಾಕಿದರೆ ಇಪ್ಪತ್ತು ಕಿಲೋಮೀಟರು. ಕರಾರುವಾಕ್ಕಾಗಿ ಭದ್ರಾವತಿಯೇ.

ಆಗ ರಜೆಗೆ ಬಂದಿದ್ದ ತಮ್ಮನ ಮಗಳು "ಅತ್ತೆ, ತರೀಕೆರೆಯಿಂದ ನಾನು ಓಡಿಸ್ತೀನಿ" ಎಂದು ಸೀಟಿನ ಹಿಂದಿನಿಂದ ಬಗ್ಗಿದಳು. ಸೊಂಟ ದಾಟುವ ಜಡೆ, ತುದಿಯಲ್ಲಿ ರಿಬ್ಬನ್. ಜಡೆ ಮುಂದಕ್ಕೆ ಜಾರಿ ಆಕ್ಸಲ್ ಕಡೆ ತೂಗಿತು. ನಾನು ಎಂಜಿನ್ ಆರಿಸಿದೆ.

2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, 2020ರಲ್ಲಿ ಹೈದರಾಬಾದಿನ ಹೊರವಲಯದಲ್ಲಿ, ದುಡ್ಡು ಕೊಟ್ಟು ಗೋ-ಕಾರ್ಟ್ ಆಡಲು ಹೋದ ಇಬ್ಬರು ಹೆಣ್ಣುಮಕ್ಕಳು ಕೂದಲು ಸಿಕ್ಕಿಕೊಂಡು ಸತ್ತರು. ತಿರುಗುವ ಸರಳಿಗೆ ಕೂದಲು ಒಂದು ಸುತ್ತು ಸುತ್ತಿಕೊಂಡರೆ ಕಿರುಚುವುದಕ್ಕೂ ವೇಳೆ ಇರುವುದಿಲ್ಲ. ಇದನ್ನು ಹೇಳಿದಾಗ ಗೇಟಿನ ಹಿರಿಯರು, "ಅಯ್ಯೋ, ಅದಕ್ಕೇ ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಅನ್ನೋದು" ಎಂದರು. ಇಷ್ಟು ದಿನ ಅವರಿಗೆ ನಗುತ್ತಲೇ ಉತ್ತರ ಕೊಟ್ಟಿದ್ದೆ, ಅಂದು ನಗಲಿಲ್ಲ. ಸರಳಿಗೆ ತಗಡಿನ ಮುಚ್ಚಳ ಇಲ್ಲದಿದ್ದುದಕ್ಕೆ ಸತ್ತವರನ್ನು, ಜಡೆ ಇದ್ದುದಕ್ಕೆ ಸತ್ತರು ಎನ್ನುವವರ ಜೊತೆ ವಾದ ಮಾಡಿ ಫಲವಿಲ್ಲ ಎಂದು ಗೇಟು ಹಾಕಿದೆ. ಮರುದಿನ ಚೈನು, ಸ್ಪ್ರಾಕೆಟ್, ಆಕ್ಸಲ್ಲಿನ ಉದ್ದಗಲ ಎಲ್ಲಕ್ಕೂ ತಗಡು ಹೊಡೆಸಿದೆ. ಅಡ್ಡಪಟ್ಟಿಗೆ ಹಟ ಹಿಡಿದಿದ್ದ ಅದೇ ವೆಲ್ಡರ್ ಇದಕ್ಕೆ ಕೂಲಿ ತಗೊಳ್ಳಲಿಲ್ಲ. ಅವನಿಗೂ ಇಬ್ಬರು ಹೆಣ್ಣುಮಕ್ಕಳು.

ರಸ್ತೆಗೆ ಇಳಿಸುವ ಗಾಡಿಯಲ್ಲ ಇದು, ಕಾನೂನಿಗೂ ಸಲ್ಲದು. ತೀರ್ಥಹಳ್ಳಿ ಕಡೆ ತಮ್ಮನ ಅಡಿಕೆ ಒಣಗಿಸುವ ಕಾಂಕ್ರೀಟ್ ಕಣ ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತದೆ. ಅಲ್ಲಿಗೆ ಸಾಗಿಸಿದೆವು. ಓಡಿತು. ತಿರುವಿನಲ್ಲಿ ಒಳಚಕ್ರ ಎದ್ದಿತು, ಭೌತಶಾಸ್ತ್ರ ಸುಳ್ಳಾಗಲಿಲ್ಲ, ನೆಲದಿಂದ ಎರಡು ಬೆರಳು ಮೇಲೆ ಕೂತವಳಿಗೆ ಮೂವತ್ತು ಕಿಲೋಮೀಟರ್ ವೇಗವೂ ನೂರೆಂಬಂತೆ ಕಿವಿ ಕಿವುಡಾಯಿತು. ತಮ್ಮನ ಮಗಳು ಜಡೆಯನ್ನು ತುರುಬು ಕಟ್ಟಿ ಹೆಲ್ಮೆಟ್ಟಿನೊಳಗೆ ತುರುಕಿ ನನಗಿಂತ ಚೆನ್ನಾಗಿ ಓಡಿಸಿದಳು. ಅದರ ಬಗ್ಗೆ ಹೆಚ್ಚು ಬರೆಯುವ ಉತ್ಸಾಹ ನನಗಿಲ್ಲ.

ತಮ್ಮ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದ. ಅವನ ಕಣ್ಣು ಕಾರ್ಟಿನ ಹಿಂಭಾಗದಲ್ಲೇ ಇತ್ತು.

"ಅಕ್ಕ, ಇದರ ಹಿಂದೆ ಒಂದು ಕೊಕ್ಕೆ ಹಾಕಿಸಿದ್ರೆ ಅಡಿಕೆ ಚೀಲ ಎಳೀಬಹುದಲ್ವಾ?"

"ಆಗಲ್ಲ."

"ಒಂದೇ ಚೀಲ, ಮಾರಾಯ್ತಿ."

"ಚೀಲ ಎಳೆಯೋ ಗಾಡಿ ನಿನ್ನ ಹತ್ರ ಮೂರಿದೆ. ಮಿಕ್ಸಿ, ಗ್ರೈಂಡರ್, ಸ್ಕೂಟಿ, ನಾನು ಇಷ್ಟು ವರ್ಷ ಓಡಿಸಿದ ಯಂತ್ರಗಳೆಲ್ಲ ಯಾರಿಗಾದರೂ ಏನಾದರೂ ಮಾಡಿಕೊಟ್ಟಿವೆ. ಇದು ಏನೂ ಮಾಡಲ್ಲ. ಅದಕ್ಕೇ ಕಟ್ಟಿದ್ದು."

ಅವನು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ತಾನೂ ಒಂದು ಸುತ್ತು ಹೋಗಬಹುದೇ ಎಂದು ಕೇಳಿದ. ಲುಂಗಿ ಬದಲಾಯಿಸಿ ಪ್ಯಾಂಟು ಹಾಕಿಕೊಂಡು ಬಾ ಎಂದು ಕಳಿಸಿದೆ.