ನಮ್ಮ ಮಲ್ಪೆಯ ಮುಂದೆ ಇದೆಂಥದ್ದು!

ಕರಾವಳಿಯವರಿಗೆ ಇನ್ನೊಂದು ಸಮುದ್ರ ತೋರಿಸುವುದೆಂದರೆ ಹೋಟೆಲಿನವರಿಗೆ ದೋಸೆ ಬಡಿಸಿದಂತೆ. ತಿನ್ನುವ ಮೊದಲು ಅಂಚು ಎತ್ತಿ ನೋಡುತ್ತಾರೆ. ನಮ್ಮ ಭಾವ ಈ ಪಂಗಡದ ಶಿರೋಮಣಿ. ಉಡುಪಿ ಕಡೆಯವರು. ಅಂಡಮಾನಿಗೆ ಹೊರಟದ್ದು ನೋಡಲಿಕ್ಕಲ್ಲ, ತನಿಖೆಗೆ.

ಸರಕಾರ ಸ್ವರಾಜ್ ದ್ವೀಪವೆಂದು ಹೆಸರಿಟ್ಟರೂ ಜನ ಈಗಲೂ ಹ್ಯಾವ್‌ಲಾಕ್ ಎನ್ನುವ ದ್ವೀಪದಲ್ಲಿ ರಾಧಾನಗರ ಬೀಚಿದೆ. 2004ರಲ್ಲಿ ‘ಟೈಮ್’ ಪತ್ರಿಕೆ ಅದನ್ನು ಏಷ್ಯಾದಲ್ಲೇ ಶ್ರೇಷ್ಠ ಎಂದಿತ್ತು. ಭಾವ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದರು. ‘ಎಂತ ನೀರು ಮಾರಾಯ ಇದು? ಕಾಲಿನ ಬೆರಳು ಎಣಿಸಬಹುದು. ಹೀಗಾದರೆ ಮೀನು ಅಡಗುವುದೆಲ್ಲಿ?’ ನಮ್ಮಲ್ಲಿಯ ಹಾಗೆ ಹೊಳೆಗಳು ಮಣ್ಣು ಹೊತ್ತು ತರುವುದಿಲ್ಲ, ತಳದಲ್ಲಿ ಹವಳದ ಬಿಳಿ ಮರಳು, ಅದಕ್ಕೇ ಈ ಬಣ್ಣ ಎಂದೆ. ‘ಅದನ್ನೇ ಹೇಳಿದ್ದು, ಹೇಳಿಕೊಳ್ಳುವಂಥ ಒಂದು ಹೊಳೆಯೂ ಇಲ್ಲದ ಊರು.’ ತೀರ್ಪು ಬಿತ್ತು.

ಸೂರ್ಯನೂ ಬಚಾವಾಗಲಿಲ್ಲ. ಅಂಡಮಾನ್ ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಚಹಾ ಕುಡಿದು ಹೊರಗೆ ಬಂದರೆ ಕತ್ತಲು. ‘ದಿನಕ್ಕೆ ಒಂದು ಗಂಟೆ ಹೊಡೆದ ನೋಡು ಪ್ಯಾಕೇಜಿನವ’ ಎಂದು ಭಾವ ಬಸ್ಸಿನಲ್ಲಿದ್ದವರಿಗೆಲ್ಲ ದೂರು ಹೇಳಿದರು. ಬೆಳಗ್ಗೆ ಐದಕ್ಕೇ ಬೆಳಕು ಹರಿಯುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಆಗ ಅವರು ಗೊರಕೆಯಲ್ಲಿರುತ್ತಿದ್ದರು.

ನೀಲ್ ದ್ವೀಪದಲ್ಲಿ ಸಮುದ್ರದ ಇಳಿತ ಕಾದು, ಜಾರುವ ಕಲ್ಲುಗಳ ಮೇಲೆ ನಡೆದು, ಹವಳಗಲ್ಲಿನ ಕಮಾನು ನೋಡಬೇಕು. ಭಾವ ಎರಡು ಸಲ ಜಾರಿ, ಎರಡು ಸಲವೂ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪವನ್ನು ನೆನೆದರು. ‘ನಮ್ಮಲ್ಲಿ ಕಲ್ಲುಕಂಬಗಳೇ ಇವೆ, ಆರು ಮೂಲೆಯವು! ಮಡಗಾಸ್ಕರ್ ಭಾರತದಿಂದ ಬೇರೆಯಾಗುವಾಗಿನ ಲಾವಾ. 8.8 ಕೋಟಿ ವರ್ಷ ಹಳತು!’ ಇಷ್ಟು ವಿವರ ಗೊತ್ತಿರುವವರು ಮಲ್ಪೆಯಿಂದ ದೋಣಿ ಹತ್ತಿ ಅದನ್ನು ಕೊನೆಯ ಸಲ ನೋಡಿದ್ದು ಶಾಲೆಯ ಪ್ರವಾಸದಲ್ಲಿ ಎಂಬುದನ್ನು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ಊಟದ್ದು ದೊಡ್ಡ ರಾಮಾಯಣ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರ ಇಲ್ಲಿ ಭೂಮಿ ಕೊಟ್ಟಿತ್ತು. ಅವರ ಮಕ್ಕಳು, ಮೊಮ್ಮಕ್ಕಳೇ ಈಗ ನೀಲ್‌ನಲ್ಲಿ ತರಕಾರಿ ಬೆಳೆಯುವವರು, ಊಟದ ಅಂಗಡಿ ಇಟ್ಟವರು. ಮೀನಿಗೆ ಸಾಸಿವೆ ಅರೆದು, ಸಾಸಿವೆ ಎಣ್ಣೆಯಲ್ಲೇ ಬೇಯಿಸುತ್ತಾರೆ. ಭಾವ ತಟ್ಟೆಯ ಹತ್ತಿರ ಮೂಗು ತಂದರು. ‘ಅಂಜಲ್ ಮೀನೇ. ಆದರೆ ಇದಕ್ಕೆ ಯಾಕೆ ಈ ಶಿಕ್ಷೆ? ತೆಂಗಿನಕಾಯಿ ಇಲ್ಲವೋ ಇವರಿಗೆ?’ ತಲೆಯ ಮೇಲೆ ತೆಂಗಿನ ಮರಗಳು ತೂಗುತ್ತಿದ್ದವು. ಅಕ್ಕ ಅಷ್ಟರಲ್ಲಿ ಅಡುಗೆಮನೆ ಹೊಕ್ಕಿದ್ದಳು. ಇವಳ ಹಿಂದಿ, ಅವರ ಹಿಂದಿ, ಎರಡೂ ಅಷ್ಟಕ್ಕಷ್ಟೇ. ಆದರೂ ಸಾಸಿವೆಯ ಜೊತೆ ಹಸಿಮೆಣಸು ಅರೆದರೆ ಕಹಿ ಬರುವುದಿಲ್ಲ ಎಂಬುದು ಇವಳಿಗೆ ಗೊತ್ತಾಗಿತ್ತು. ಭಾವ ಎರಡನೆಯ ಸಲ ಅನ್ನ ಹಾಕಿಸಿಕೊಂಡರು, ‘ದುಡ್ಡು ಕೊಟ್ಟಾಗಿದೆಯಲ್ಲ’ ಎಂಬ ಕಾರಣಕ್ಕೆ.

ಸೆಲ್ಯುಲರ್ ಜೈಲಿನಲ್ಲಿ ಮಾತ್ರ ಅವರು ಮಾತಾಡಲಿಲ್ಲ. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲುಗಳಲ್ಲಿ ಉಳಿದದ್ದು ಮೂರು. ಒಂದು ಕೋಣೆಯೊಳಗೆ ಹೋಗಿ, ಎತ್ತರದ ಕಿಂಡಿ ನೋಡಿ, ಬೇಗ ಹೊರಗೆ ಬಂದರು. ಮಲ್ಪೆಯಲ್ಲಿ ಅದಕ್ಕೆ ಜೋಡಿ ಸಿಗಲಿಲ್ಲವೇನೋ.

ವಾಪಸಾಗುವಾಗ ವಿಮಾನ ನಿಲ್ದಾಣದ ಸ್ಕ್ಯಾನರು ಭಾವನ ಚೀಲದ ಮುಂದೆ ನಿಂತುಬಿಟ್ಟಿತು. ಕಾಲುಚೀಲದೊಳಗೆ ಕಾಲುಚೀಲ, ಅದರೊಳಗೆ ಒಂದು ಹವಳದ ತುಂಡು. ವನ್ಯಜೀವಿ ಕಾಯ್ದೆಯ ಪ್ರಕಾರ ಸತ್ತ ಹವಳವನ್ನೂ ಒಯ್ಯುವಂತಿಲ್ಲ. ‘ಯಾರು ಹಾಕಿದ್ದೋ ಎಂತದೋ’ ಎಂದು ಅಕ್ಕನನ್ನು ನೋಡಿದರು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಕ್ಕ ಸಾಸಿವೆ ಅರೆದು ಅಂಜಲ್ ಮಾಡಿದ್ದಳು. ಭಾವ ಒಂದು ತುತ್ತು ಬಾಯಿಗಿಟ್ಟು ತಲೆಯಾಡಿಸಿದರು: ‘ಪರವಾಗಿಲ್ಲ. ಆದರೆ ನೀಲ್‌ನಲ್ಲಿ ತಿಂದ ಆ ರುಚಿ ಮಲ್ಪೆಯ ಮೀನಿಗೆ ಎಲ್ಲಿಂದ ಬರಬೇಕು, ಹೇಳು?’